ಮೋಜಿನೂರಿನ ಕಾಲುದಾರಿ ಮತ್ತು ನೀರಿನ ದಾರಿ

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಬಗ್ಗೆ ಪರಿಸರ ಚಳವಳಿಯ ವಲಯದಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: ಅದೊಂದು ಕೃತಕ ಲೋಕ, ಕೊಳ್ಳುಬಾಕತನದ ತೀರ್ಥಕ್ಷೇತ್ರ. ಮಾತಿನಲ್ಲಿ ಸತ್ಯವಿದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ, ಗುಡ್ಡಗಳ ಮೇಲೆ ರೆಸಾರ್ಟುಗಳು ಏಳುತ್ತಿರುವ ಮಲೆನಾಡು ಅಲ್ಲಿಂದ ಕಲಿಯಬೇಕಾದ ಪಾಠವೊಂದು ಕೈತಪ್ಪುತ್ತದೆ. ಆ ಪಾಠ ತೊಟ್ಟಿಲು, ಜಾರುಬಂಡಿ, ಸಿಡಿಮದ್ದುಗಳ ನಡುವೆ ಇಲ್ಲ. ಆ ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿದವರಿಗೆ ಮಾತ್ರ ಅದು ಕಾಣುತ್ತದೆ.

1971ರ ಅಕ್ಟೋಬರ್ 1ರಂದು ತೆರೆದ ಈ ವಿಹಾರಧಾಮದ ವಿಸ್ತೀರ್ಣ ಸುಮಾರು 25,000 ಎಕರೆ, ಅಂದರೆ ನೂರು ಚದರ ಕಿಲೋಮೀಟರು. ನಾಲ್ಕು ದೊಡ್ಡ ಉದ್ಯಾನಗಳು, ಇಪ್ಪತ್ತಕ್ಕೂ ಹೆಚ್ಚು ಹೋಟೆಲುಗಳು ಅದರೊಳಗೆ ಚದುರಿಕೊಂಡಿವೆ. ಬಂದವರನ್ನು ಬಸ್ಸು, ದೋಣಿ, ಏಕಹಳಿಯ ರೈಲುಗಳು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಸಾಗಿಸುತ್ತವೆ. ನಡುವಿನ ನೆಲ ಕಿಟಕಿಯಾಚೆ ಸರಿದುಹೋಗುವ ಹಸಿರು ಗೆರೆ ಮಾತ್ರ.

ನಡೆಯಲು ಹೊರಟವರಿಗೆ ದಾರಿ ಇಲ್ಲವೆಂದಲ್ಲ. ಮ್ಯಾಜಿಕ್ ಕಿಂಗ್‌ಡಮ್ ಉದ್ಯಾನಕ್ಕೆ ಕಾಂಟೆಂಪರರಿ ಹೋಟೆಲಿನಿಂದ ಹತ್ತು ನಿಮಿಷದ ನಡಿಗೆ. ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲಿನಿಂದ ಅಲ್ಲಿಗೆ ನೀರಿನ ಅಂಚಿನಲ್ಲೇ ಸಾಗುವ ಕಾಲುದಾರಿ 2020ರಲ್ಲಿ ತೆರೆಯಿತು. ಉದ್ಯಾನ ತೆರೆದ ಸುಮಾರು ಅರ್ಧ ಶತಮಾನದ ನಂತರ! ಎಪ್ಕಾಟ್ ಉದ್ಯಾನದ ಹಿಂಬಾಗಿಲಿನಿಂದ ಹಾಲಿವುಡ್ ಸ್ಟುಡಿಯೋಸ್‌ವರೆಗೆ ದೋಣಿ ಸಾಗುವ ಕಾಲುವೆಯ ದಡದಲ್ಲೇ ನಡೆದು ಅರ್ಧ ಗಂಟೆಯೊಳಗೆ ತಲುಪಬಹುದು. 1998ರಲ್ಲಿ ತೆರೆದ ಆನಿಮಲ್ ಕಿಂಗ್‌ಡಮ್‌ಗೆ ಮಾತ್ರ ಕಾಲುದಾರಿ ಇಲ್ಲ. ಪ್ರಾಣಿಲೋಕದ ಮಹಿಮೆ ಸಾರುವ ಉದ್ಯಾನಕ್ಕೆ ಪೆಟ್ರೋಲು, ಡೀಸೆಲು ಸುಟ್ಟೇ ಹೋಗಬೇಕೆಂಬುದು ಆ ಊರಿನ ವಿಪರ್ಯಾಸಗಳಲ್ಲೊಂದು.

ಈ ಹಾದಿಗಳಲ್ಲಿ ನಡೆಯುವವರ ಗಮನಕ್ಕೆ ಬೇಗನೆ ಬರುವ ಸಂಗತಿ ನೀರು. ಎಲ್ಲ ದಾರಿಗಳೂ ನೀರಿನ ಪಕ್ಕದಲ್ಲಿವೆ. ಕೆರೆ, ಕೊಳ, ಕಾಲುವೆ, ಅದರಾಚೆ ಸೈಪ್ರೆಸ್ ಮರಗಳ ಜೌಗು. ಇದು ಉದ್ಯಾನ ಕಟ್ಟಿದವರ ಅಲಂಕಾರವಷ್ಟೇ ಆಗಿರದೆ ಆ ನೆಲದ ಮೂಲ ಸ್ವಭಾವವೂ ಹೌದು. 1960ರ ದಶಕದ ಮಧ್ಯದಲ್ಲಿ ಬೇನಾಮಿ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ಖರೀದಿಯಾದ ಈ ಭೂಮಿಯ ಬಹುಭಾಗ ಜೌಗು. ಅಂತರ್ಜಲ ಎಷ್ಟು ಮೇಲಿತ್ತೆಂದರೆ ನೆಲಮಾಳಿಗೆ ತೋಡುವುದು ಸಾಧ್ಯವಿರಲಿಲ್ಲ. ಸಿಬ್ಬಂದಿ ಓಡಾಡಲು, ಸಾಮಾನು ಮತ್ತು ಕಸ ಸಾಗಿಸಲು ಬೇಕಾದ ಸುರಂಗಗಳನ್ನು ನೆಲದ ಮಟ್ಟದಲ್ಲೇ ಕಟ್ಟಿ, ಪಕ್ಕದಲ್ಲಿ ಹೊಸ ಕೆರೆ ತೋಡಿ, ತೆಗೆದ ಮಣ್ಣನ್ನು ಅವುಗಳ ಸುತ್ತ ತುಂಬಿದರು. ಮ್ಯಾಜಿಕ್ ಕಿಂಗ್‌ಡಮ್‌ನ ಬೀದಿಯಲ್ಲಿ ನಡೆಯುವವರು ವಾಸ್ತವವಾಗಿ ನಡೆಯುತ್ತಿರುವುದು ಎರಡನೆಯ ಅಂತಸ್ತಿನ ಮೇಲೆ. ಅಲ್ಲಿ ದೋಣಿ ತೇಲುವ ಸೆವೆನ್ ಸೀಸ್ ಲಗೂನ್ ಆ ಮಣ್ಣು ತೆಗೆದ ಗುಂಡಿ.

ಇಲ್ಲಿಯೇ ಮುಖ್ಯ ವಿಚಾರ ಬರುವುದು. ಕಟ್ಟಡಗಳಿಗೆ ಅಡಿಪಾಯ ಹಾಕುವ ಮೊದಲು ಅಲ್ಲಿ ನೀರಿನ ಯೋಜನೆ ಆಯಿತು. ಪನಾಮಾ ಕಾಲುವೆ ವಲಯದ ಗವರ್ನರ್ ಆಗಿದ್ದ ಸೇನಾ ಎಂಜಿನಿಯರ್ ಮೇಜರ್ ಜನರಲ್ ವಿಲಿಯಂ ಪಾಟರ್ ಆ ಕೆಲಸದ ಮುಂದಾಳು. ಹತ್ತಾರು ಮೈಲಿ ಕಾಲುವೆಗಳು, ಏರಿಗಳು ಸಿದ್ಧವಾದವು. ಕಾಲುವೆಗಳನ್ನು ಗೆರೆ ಎಳೆದಂತೆ ನೇರ ತೋಡದೆ ಹಳ್ಳದ ಹಾಗೆ ಬಳಸಿ ಒಯ್ದರು. ನೀರು ಏರಿದಾಗ ತಾವಾಗಿ ತೆರೆದು, ಇಳಿದಾಗ ಮುಚ್ಚಿಕೊಳ್ಳುವ ಗೇಟುಗಳನ್ನು ಅಲ್ಲಲ್ಲಿ ಕೂರಿಸಿದರು. ಕಟ್ಟಡದ ಜಾಗ ಮುಳುಗಬಾರದು, ಪಕ್ಕದ ಜೌಗು ಒಣಗಲೂ ಬಾರದು ಎಂಬುದು ಲೆಕ್ಕಾಚಾರ.

ಜೌಗು ಒಣಗಿದರೆ ನಷ್ಟವೇನು? ಉತ್ತರ ಅದೇ ರಾಜ್ಯದ ದಕ್ಷಿಣದಲ್ಲಿದೆ. ಒಕೀಚೋಬಿ ಸರೋವರದ ಕೆಳಗಿನ ಎವರ್‌ಗ್ಲೇಡ್ಸ್ ಜೌಗನ್ನು ಕಬ್ಬು, ತರಕಾರಿಗಳ ಕೃಷಿಗಾಗಿ ಬಸಿದರು. ಸಾವಿರಾರು ವರ್ಷ ನೀರಿನಡಿ ಕೊಳೆಯದೆ ಉಳಿದಿದ್ದ ಸಸ್ಯಾವಶೇಷದ ಕಪ್ಪು ಮಣ್ಣಿಗೆ ಗಾಳಿ ತಗುಲಿತು. ಸೂಕ್ಷ್ಮಜೀವಿಗಳು ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಬಿಟ್ಟವು. 1924ರಲ್ಲಿ ಬೆಲ್ ಗ್ಲೇಡ್ ಸಂಶೋಧನಾ ಕೇಂದ್ರದಲ್ಲಿ ಒಂಬತ್ತು ಅಡಿಯ ಕಾಂಕ್ರೀಟು ಕಂಬವೊಂದನ್ನು ತಳದ ಬಂಡೆಯ ತನಕ ಇಳಿಸಿ, ಅದರ ತಲೆಯನ್ನು ನೆಲದ ಸಮಕ್ಕೆ ಬಿಟ್ಟಿದ್ದರು. ಇಂದು ಅದು ಆರು ಅಡಿಗೂ ಹೆಚ್ಚು ಹೊರಗೆ ನಿಂತಿದೆ. ಕಂಬ ಮೇಲೆದ್ದಿಲ್ಲ, ಮಣ್ಣು ಮಾಯವಾಗಿದೆ.

ಇದೇ ನೀರಿನ ವ್ಯವಸ್ಥೆಯ ಇನ್ನೊಂದು ಕಥೆ ಕಿಸಿಮ್ಮೀ ನದಿಯದು. ಡಿಸ್ನಿ ನೆಲದ ರೀಡಿ ಹಳ್ಳವೂ ಈ ನದಿಯ ಜಲಾನಯನಕ್ಕೇ ಸೇರಿದ್ದು. 1962ರಿಂದ 1971ರ ನಡುವೆ ಸರ್ಕಾರಿ ಎಂಜಿನಿಯರುಗಳು 103 ಮೈಲಿ ಬಳಸಿ ಹರಿಯುತ್ತಿದ್ದ ನದಿಯನ್ನು 56 ಮೈಲಿಯ ನೇರ ಕಾಲುವೆಯಾಗಿ ಮಾಡಿದರು. ಇಕ್ಕೆಲದ ಜೌಗು ಸತ್ತಿತು, ಹಕ್ಕಿಗಳು ಹೋದವು. ತಪ್ಪು ತಿದ್ದುವ ಕೆಲಸ 1999ರಲ್ಲಿ ಆರಂಭವಾಗಿ 2021ರವರೆಗೆ ನಡೆಯಿತು. ನದಿಯನ್ನು ನೇರ ಮಾಡಲು ಒಂಬತ್ತು ವರ್ಷ, ಅದರ ಒಂದು ಭಾಗವನ್ನಷ್ಟೇ ಮತ್ತೆ ಬಳಸಿ ಹರಿಸಲು ಇಪ್ಪತ್ತೆರಡು ವರ್ಷ. ಲಾಭಕ್ಕಾಗಿ ಹುಟ್ಟಿದ ಮೋಜಿನೂರು ಅದೇ ಕಾಲದಲ್ಲಿ ಕಾಲುವೆಯನ್ನು ಬಾಗಿಸಿ ತೋಡಿತು ಎಂಬುದನ್ನು ಟೀಕಾಕಾರರೂ ಒಪ್ಪಬೇಕಾಗುತ್ತದೆ.

ಒಪ್ಪಿದ ಮಾತ್ರಕ್ಕೆ ಆರತಿ ಎತ್ತಬೇಕಾಗಿಲ್ಲ. ಆ ಶಿಸ್ತು ಬಂದದ್ದು ಪ್ರಜಾಪ್ರಭುತ್ವದಿಂದಲ್ಲ. 1967ರಲ್ಲಿ ಫ್ಲಾರಿಡಾ ಶಾಸನಸಭೆ ರೀಡಿ ಕ್ರೀಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್ ಎಂಬ ಆಡಳಿತ ಘಟಕವನ್ನು ರಚಿಸಿ, ರಸ್ತೆ, ನೀರು, ಚರಂಡಿ, ಕಟ್ಟಡ ಪರವಾನಗಿಗಳ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಅಲ್ಲಿ ಮತದ ತೂಕ ಎಕರೆಯ ಲೆಕ್ಕದಲ್ಲಿ. ಆದ್ದರಿಂದ ಕಂಪನಿಯೇ ಸರ್ಕಾರ. 2023ರಲ್ಲಿ ರಾಜ್ಯಪಾಲರೊಂದಿಗಿನ ರಾಜಕೀಯ ಜಗಳದ ನಂತರ ಆಡಳಿತ ಮಂಡಳಿ ಬದಲಾಯಿತು, ಹೆಸರೂ ಬದಲಾಯಿತು. ಈಗ ರಾಜ್ಯಪಾಲರು ನೇಮಿಸಿದವರು ಅಲ್ಲಿ ಕುಳಿತಿದ್ದಾರೆ. ಊರಿನ ಜನ ಅಂದೂ ಆರಿಸಲಿಲ್ಲ, ಇಂದೂ ಆರಿಸುತ್ತಿಲ್ಲ. ಬೇಲಿಯೊಳಗೆ ಸುಮಾರು ಮೂರನೇ ಒಂದು ಭಾಗವನ್ನು ಸಂರಕ್ಷಣೆಗೆ ಬಿಟ್ಟಿರುವುದಾಗಿ ಕಂಪನಿ ಹೇಳುತ್ತದೆ. ಬೇಲಿಯ ಹೊರಗೆ ಹೆದ್ದಾರಿ, ಮೋಟೆಲು, ವಾಹನ ನಿಲುಗಡೆಯ ಡಾಂಬರು ಮೈಲಿಗಟ್ಟಲೆ ಹಬ್ಬಿದವು. ಅಲ್ಲಿ ಯಾರೂ ಕಾಲುವೆ ಬಾಗಿಸಲಿಲ್ಲ.

ಬೇಲಿಯೊಳಗಿನ ಕಟ್ಟಡಗಳಿಗಾಗಿ ನಾಶವಾಗುವ ಜೌಗಿಗೆ ಪ್ರತಿಯಾಗಿ 1990ರ ದಶಕದಲ್ಲಿ ದಕ್ಷಿಣದಲ್ಲೊಂದು ಹಳೆಯ ಜಾನುವಾರು ಹುಲ್ಲುಗಾವಲನ್ನು ನೇಚರ್ ಕನ್ಸರ್ವೆನ್ಸಿ ಸಂಸ್ಥೆಗೆ ವಹಿಸಲಾಯಿತು. ಸುಮಾರು 11,500 ಎಕರೆಯ ಆ ಡಿಸ್ನಿ ವೈಲ್ಡರ್‌ನೆಸ್ ಪ್ರಿಸರ್ವ್‌ನಲ್ಲಿ ಹಳೆಯ ಬಸಿಗಾಲುವೆಗಳನ್ನು ಮುಚ್ಚಿದಾಗ ಜೌಗು ಮರಳಿತು. ನಡಿಗೆಯ ಹಾದಿಗಳೂ ಅಲ್ಲಿವೆ. ಕಾಲುವೆ ಮುಚ್ಚಿದ ಮೇಲೆ ನೆಲ ಹೇಗೆ ಚೇತರಿಸಿಕೊಳ್ಳುತ್ತದೆಂದು ನೋಡಬಯಸುವವರು ನಡೆಯಬೇಕಾದ ಜಾಗ ಅದು.

ಎಷ್ಟೇ ಪಳಗಿಸಿದರೂ ಜೌಗು ಜೌಗೇ. 2016ರ ಜೂನ್‌ನಲ್ಲಿ ಅಲ್ಲಿನ ಹೋಟೆಲೊಂದರ ಮರಳ ದಂಡೆಯಲ್ಲಿ ಎರಡು ವರ್ಷದ ಮಗುವನ್ನು ಮೊಸಳೆಯ ಜಾತಿಯ ಆಲಿಗೇಟರ್ ಎಳೆದೊಯ್ದು ಕೊಂದಿತು. ಎಚ್ಚರಿಕೆಯ ಫಲಕಗಳೂ ಬೇಲಿಗಳೂ ಆಮೇಲೆ ಬಂದವು. ನೀರನ್ನು ದೃಶ್ಯವಾಗಿ ಮಾತ್ರ ಮಾರಿದಾಗ ಅದರೊಳಗಿನ ಬದುಕು ಮರೆತುಹೋಗುತ್ತದೆ.

ಮಲೆನಾಡಿನ ಮಟ್ಟಿಗೆ ಈ ಹೋಲಿಕೆ ಕಹಿಯಾಗಿದೆ. ಒರ್ಲ್ಯಾಂಡೊದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,300 ಮಿಲಿಮೀಟರು, ನೆಲ ಅಂಗೈಯಂತೆ ಸಪಾಟು. ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ, ಕಡಿದಾದ ಇಳಿಜಾರಿನ ಮೇಲೆ. ಸಪಾಟು ನೆಲದ ಕಡಿಮೆ ಮಳೆಗೇ ಅಷ್ಟು ಲೆಕ್ಕ ಬೇಕಾಗಿದ್ದರೆ ಇಲ್ಲಿ ಇನ್ನೆಷ್ಟು ಬೇಕು? ಅಡಿಕೆ ತೋಟದ ರೈತ ಈ ಲೆಕ್ಕ ಬಲ್ಲ. ಕಪ್ಪು ಎಷ್ಟು ಆಳ, ನೀರು ಯಾವ ಮೂಲೆಯಿಂದ ಹೊರಬೀಳಬೇಕು ಎಂದು ನಿಶ್ಚಯಿಸದೆ ಅವನು ಸಸಿ ನೆಡುವುದಿಲ್ಲ. ಆದರೆ ತೋಟದ ಮೇಲಿನ ಗುಡ್ಡದಲ್ಲಿ ಏಳುವ ರೆಸಾರ್ಟಿಗೆ ಆ ಕಟ್ಟುಪಾಡಿಲ್ಲ. ನೆತ್ತಿಯನ್ನು ಯಂತ್ರದಿಂದ ಕಡಿದು ಸಮ ಮಾಡುತ್ತಾರೆ, ಹಡ್ಲಿಗೆ ಮಣ್ಣು ತುಂಬುತ್ತಾರೆ, ಹಳ್ಳದ ತಲೆಯಲ್ಲಿ ಈಜುಕೊಳ ಕಟ್ಟುತ್ತಾರೆ. ಹಳ್ಳಗಳ ತಾಯಿಯಾದ ರಾಮಪತ್ರೆ ಜಡ್ಡಿ ಅವರಿಗೆ ಕೆಸರುಗುಂಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರು ಕಡಿದದ್ದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಪರವಾನಗಿಯ ಪದ್ಧತಿಗೆ ಆ ಮಾತು ಇನ್ನೂ ಕೇಳಿಸಿಲ್ಲ.

ಪ್ರವಾಸೋದ್ಯಮವೇ ಬೇಡವೆಂಬ ಕೂಗು ಗೆಲ್ಲುವುದಿಲ್ಲ. ಕಾಫಿ, ಅಡಿಕೆಯ ಬೆಲೆ ಕುಸಿದಾಗ ಅತಿಥಿಗಳಿಂದ ಬರುವ ಹಣವೇ ಎಷ್ಟೋ ಮನೆಗಳನ್ನು ಹಿಡಿದು ನಿಲ್ಲಿಸಿದೆ. ಕೇಳಬೇಕಾದದ್ದು ಇಷ್ಟು. ಭೂಪರಿವರ್ತನೆಯ ಅರ್ಜಿಯ ಜೊತೆ ಕಟ್ಟಡದ ನಕ್ಷೆಗೆ ಮೊದಲು ನೀರಿನ ನಕ್ಷೆ ಇರಬೇಕು: ಒರತೆ ಎಲ್ಲಿ, ಹಳ್ಳ ಎಲ್ಲಿ, ಮಳೆನೀರು ಯಾವ ದಾರಿಯಲ್ಲಿ ಇಳಿದು ಯಾರ ಗದ್ದೆ ಸೇರುತ್ತದೆ. ಆ ನಕ್ಷೆ ಗ್ರಾಮಸಭೆಯ ಮುಂದೆ ಬರಬೇಕು, ಕೆಳಗಿನ ಗದ್ದೆಯವರ ಒಪ್ಪಿಗೆ ಅದಕ್ಕೆ ಸಿಗಬೇಕು. ಡಿಸ್ನಿಯಲ್ಲಿ ಇಲ್ಲದ್ದು ಈ ಒಪ್ಪಿಗೆ. ಮಲೆನಾಡಿನಲ್ಲಿ ಇಲ್ಲದ್ದು ಆ ನಕ್ಷೆ. ಎರಡೂ ಕೂಡಿದಾಗಲೇ ಗುಡ್ಡ ಉಳಿದೀತು.

ಕೊನೆಯದಾಗಿ, ಅನುಮತಿ ಕೊಡುವ ಅಧಿಕಾರಿ ಆ ಜಾಗವನ್ನು ಜೀಪಿನಿಂದ ಇಳಿದು, ಆಷಾಢದ ಮಳೆಯಲ್ಲಿ, ಊರವರ ಜೊತೆ ಒಮ್ಮೆ ನಡೆಯಬೇಕು. ಬೇಸಿಗೆಯಲ್ಲಿ ಕಾಗದದ ಮೇಲೆ ಕಾಣದ ಹಳ್ಳ ಆಗ ಕಾಲಿಗೇ ತಾಗುತ್ತದೆ. ಮಳೆಗಾಲದಲ್ಲಿ ನಡೆದು ನೋಡದ ಗುಡ್ಡಕ್ಕೆ ಪರವಾನಗಿ ಇಲ್ಲ ಎಂಬ ಒಂದು ಸಾಲನ್ನು ನಿಯಮಾವಳಿಗೆ ಸೇರಿಸಲು ಗ್ರಾಮ ಪಂಚಾಯಿತಿಗಳು ಈ ಮಳೆಗಾಲಕ್ಕೆ ಮುನ್ನ ನಿರ್ಣಯ ಕೈಗೊಳ್ಳಲಿ.