ರೀನೇಮ್ ಮಾಡಿ, ಆದರೆ ಹಿಂದೆ ಇರೋರನ್ನೂ ನೋಡಿ

ಫೈಲ್ ಹೆಸರು ಬದಲಾಯಿಸೋದು ಎರಡು ಸೆಕೆಂಡಿನ ಕೆಲಸ. ಅದಕ್ಕೇ ಇರಬೇಕು, ನಾವ್ಯಾರೂ ಅದನ್ನ ಜವಾಬ್ದಾರಿ ಅಂತ ನೋಡೋದೇ ಇಲ್ಲ. ಆದರೆ ಫೈಲ್ ಹತ್ತು ಜನ ಬಳಸೋ ಫೋಲ್ಡರ್‌ನಲ್ಲಿದ್ದರೆ, ಆ ಹೆಸರು ನಮ್ಮೊಬ್ಬರದ್ದಲ್ಲ ಅನ್ನೋದು ನಮ್ಮ ವಾದ.

2020ರ ಮಾರ್ಚ್ ನೆನಪಿಸಿಕೊಳ್ಳಿ. ನಮ್ಮಲ್ಲಿ ಲಾಕ್‌ಡೌನ್ ಶುರುವಾದ ವಾರವೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಗಿಟ್‌ಹಬ್‌ನಲ್ಲಿದ್ದ ತನ್ನ ಕೊರೋನಾ ಫೈಲ್‌ಗಳ ಹೆಸರು ಬದಲಾಯಿಸಿತು. ಹೆಸರಿನಲ್ಲಿ ‘19-ಕೋವಿಡ್’ ಅಂತ ಇದ್ದದ್ದು ‘ಕೋವಿಡ್19’ ಆಯಿತು, ಕೊನೆಗೆ ‘ಗ್ಲೋಬಲ್’ ಸೇರಿತು. ಮನುಷ್ಯರಿಗೆ ಎರಡೂ ಒಂದೇ. ‘19-ಕೋವಿಡ್’ ಅಂತ ಹುಡುಕೋ ಸ್ಕ್ರಿಪ್ಟ್‌ಗೆ ಹೊಸ ಫೈಲ್ ಕಾಣಿಸೋದೇ ಇಲ್ಲ. ಹಳೇ ಫೈಲ್‌ಗಳು ಮೊದಲು ಅಪ್‌ಡೇಟ್ ಆಗೋದು ನಿಂತವು, ಆಮೇಲೆ ಆರ್ಕೈವ್ ಫೋಲ್ಡರ್‌ಗೆ ಹೋದವು. ಮಧ್ಯದಲ್ಲಿ ಹಳೇ ಫೈಲ್ ಓದ್ತಿದ್ದ ಸ್ಕ್ರಿಪ್ಟ್‌ಗೆ ಎರರ್ ಬರಲ್ಲ, ಗ್ರಾಫ್ ಮಾತ್ರ ಅಲ್ಲೇ ನಿಂತಿರತ್ತೆ. ಕೇಸ್ ಏರ್ತಿದ್ದ ದಿನಗಳಲ್ಲಿ!

‘ಡೇಟಾ ಫ್ರೀಯಾಗಿ ಕೊಟ್ಟಿದ್ದಾರೆ, ಸೂಚನೆನೂ ಹಾಕಿದ್ದಾರೆ, ಇನ್ನೇನು ಬೇಕು?’ ಅಂತ ಕೇಳಬಹುದು. ಕೊಟ್ಟವರ ಮೇಲೆ ನಮಗೆ ಗೌರವ ಇದೆ. ಆದರೆ ರಾತ್ರಿ ಎರಡಕ್ಕೆ ಓಡೋ ಸ್ಕ್ರಿಪ್ಟ್ ಸೂಚನೆ ಓದಲ್ಲ. ಪೈಥಾನ್‌ನ ಗ್ಲಾಬ್‌ಗೆ ಒಂದೂ ಫೈಲ್ ಸಿಗದಿದ್ದರೆ ಅದು ಖಾಲಿ ಲಿಸ್ಟ್ ಕೊಟ್ಟು ಸುಮ್ಮನಾಗತ್ತೆ. ಮೊತ್ತ ಸೊನ್ನೆ ಬರತ್ತೆ, ಅಷ್ಟೇ.

ಹಾಗಂತ ರೀನೇಮ್ ಮಾಡಲೇಬಾರದು ಅಂತಲ್ಲ. ಬರೀ ಹೆಸರು ಬದಲಾಗ್ತಿದ್ದರೆ ಒಂದು ಸೆಮಿಸ್ಟರ್ ಕಾಲ ಹಳೇ ಹೆಸರಲ್ಲೂ ಅದೇ ಫೈಲ್ ಸಿಗಲಿ. ಒಳಗಿನ ಲೆಕ್ಕದ ಅರ್ಥವೇ ಬದಲಾದರೆ ಹಳೇ ಹೆಸರು ತೆಗೆದೇಬಿಡಿ. ತಪ್ಪು ಉತ್ತರಕ್ಕಿಂತ ‘ಫೈಲ್ ಇಲ್ಲ’ ಅನ್ನೋ ಎರರ್ ಮೇಲು.

ಇಲ್ಲಿ ಇನ್ನೊಂದು ಗುಂಡಿ ಇದೆ. ಫೆಸ್ಟ್‌ನ ‘ರಿಜಿಸ್ಟ್ರೇಷನ್_ಕೋಡಿಂಗ್’ ಪಕ್ಕದಲ್ಲೇ ಅದರ ಕಾಪಿಯನ್ನ ‘ರಿಜಿಸ್ಟ್ರೇಷನ್_ಕೋಡಿಂಗ್_ಹೊಸದು’ ಅಂತ ಇಟ್ಟರೆ, ‘ರಿಜಿಸ್ಟ್ರೇಷನ್_*’ ಅನ್ನೋ ಪ್ಯಾಟರ್ನ್ ಎರಡನ್ನೂ ಎತ್ಕೊಳ್ಳತ್ತೆ. 120 ಜನ 240 ಆಗ್ತಾರೆ, ಊಟದ ಆರ್ಡರ್ ಡಬಲ್ ಆಗತ್ತೆ. ಹಾಗಾಗಿ ಹೊಸ ಹೆಸರಿನ ಫೈಲ್‌ಗಳು ಬೇರೆ ಫೋಲ್ಡರ್‌ನಲ್ಲಿರಲಿ. ಹಳೇ ಫೋಲ್ಡರ್ ಅವಧಿ ಮುಗಿಯೋವರೆಗೂ ಇದ್ದಲ್ಲೇ ಇರಲಿ.

ಓದೋ ಕಡೆಯವರಿಗೂ ಕೆಲಸ ಇದೆ: ಎಷ್ಟು ಫೈಲ್ ಸಿಕ್ಕಬೇಕು, ಎಷ್ಟು ಸಿಕ್ಕವು ಅಂತ ಎಣಿಸೋ ಒಂದು ಸಾಲು ಬರೀರಿ. ಆದರೆ ಮೊದಲ ಹೊಣೆ ಹೆಸರು ಬದಲಾಯಿಸಿದವರದ್ದೇ. ಯಾಕಂದ್ರೆ ಏನು ಬದಲಾಗ್ತಿದೆ ಅಂತ ಮೊದಲು ಗೊತ್ತಿರೋದು ಅವರಿಗೆ ಮಾತ್ರ.

ನಮ್ಮ ಕ್ಲಬ್, ಲ್ಯಾಬ್, ಫೆಸ್ಟ್ ಡ್ರೈವ್‌ಗಳನ್ನ ನಾವು ಪಾಸಾಗಿ ಹೋದ ಮೇಲೂ ಜೂನಿಯರ್‌ಗಳು ಬಳಸ್ತಾರೆ. ಪ್ರತಿ ಫೋಲ್ಡರ್‌ನಲ್ಲೂ ‘ಹೆಸರು ಹೀಗಿರತ್ತೆ, ಬದಲಾದರೆ ಇಲ್ಲಿ ಬರೀತೀವಿ’ ಅನ್ನೋ ಒಂದು ಪುಟ್ಟ ಫೈಲ್ ಇರಲಿ. ಮತ್ತೆ, ದಯವಿಟ್ಟು, ಆ ಫೈಲನ್ನ ರೀನೇಮ್ ಮಾಡಬೇಡಿ.