ಸ್ವಂತ ವಾಕ್ಯದಲ್ಲಿ ಬಳಸಿರಿ

ನಮ್ಮ ಭಾನುವಾರದ ಕನ್ನಡ ತರಗತಿಯ ಉತ್ತರಪತ್ರಿಕೆಗಳನ್ನು ಈಚೆಗೆ ನೋಡುವ ಪ್ರಸಂಗ ಬಂದಿತು. ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು ‘ನಾಳೆ ನಮ್ಮ ಶಾಲೆಗೆ ಅವಕಾಶವಿದೆ’ ಎಂದು ಬರೆದಿದ್ದಳು. ಶಿಕ್ಷಕರು ಕೆಂಪು ಗೀಟು ಎಳೆದಿದ್ದರು. ದೆಹಲಿಯ ಮಗು, ಹಿಂದಿಯಲ್ಲಿ ಅವಕಾಶವೆಂದರೆ ರಜೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ 25 ವರ್ಷಗಳಿಂದ ‘ಆಕಸ್ಮಿಕ ಅವಕಾಶ’ಕ್ಕೆ ಅರ್ಜಿ ಹಾಕುತ್ತಿರುವ ನಾನು ಅವಳನ್ನು ನೋಡಿ ನಗುವುದೆಂತು?

ನನ್ನ ತಪ್ಪು ಇದಕ್ಕಿಂತ ದೊಡ್ಡದು. ಊರಿನ ಜಮೀನು ಮಾರುವಾಗ ಅಣ್ಣನಿಗೆ, ‘ಹಣದ ಬಗ್ಗೆ ನನ್ನ ಅನುಮಾನವನ್ನು ಕೆಳಗೆ ಬರೆದಿದ್ದೇನೆ’ ಎಂದು ಕಾಗದ ಹಾಕಿದೆ. ಮನಸ್ಸಿನಲ್ಲಿದ್ದುದು ಹಿಂದಿಯ ಅನುಮಾನ, ಅಂದರೆ ಅಂದಾಜು. ಅಣ್ಣ ಓದಿದ್ದು ಕನ್ನಡದ ಅನುಮಾನ. ಆರು ತಿಂಗಳು ಅವರಿಂದ ಸುದ್ದಿಯಿಲ್ಲ. ‘ನಿಮ್ಮಣ್ಣ ನಿಮಗೆ ಮೋಸ ಮಾಡ್ತಾರೇನಪ್ಪಾ?’ ಎಂದು ಅತ್ತಿಗೆ ದೂರವಾಣಿಯಲ್ಲಿ ಅತ್ತಾಗಲೇ ನನಗೆ ತಿಳಿದದ್ದು.

ಅಲ್ಲಿ ಉಪನ್ಯಾಸ ಕಾದಂಬರಿ, ಇಲ್ಲಿ ಭಾಷಣ. ಅಲ್ಲಿ ಶಿಕ್ಷಾ ಎಂದರೆ ವಿದ್ಯೆ, ಇಲ್ಲಿ ಶಿಕ್ಷೆ ಎಂದರೆ ದಂಡನೆ (‘ಶಿಕ್ಷಣ’ದಲ್ಲಿ ಹಳೆಯ ಅರ್ಥ ಉಳಿದಿದೆಯೆನ್ನಿ). ನಮ್ಮ ಪದಪಟ್ಟಿಯಲ್ಲಿ ಪದದ ಎದುರಿಗೆ ಒಂದೊಂದೇ ಅರ್ಥ. 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟು ಅರ್ಥದ ಜತೆಗೆ ಗಾದೆಗಳನ್ನೂ ಕೊಟ್ಟಿತ್ತು. ಜನರು ಆಡುವ ವಾಕ್ಯದ ಬೆಲೆ ಆ ಜರ್ಮನ್ ಪಾದ್ರಿಗೆ ತಿಳಿದಿತ್ತು. ಮುಂದಿನ ವರ್ಷದಿಂದ ಪ್ರತಿ ಪದಕ್ಕೂ ಎರಡು ವಾಕ್ಯಗಳನ್ನು ಮಕ್ಕಳು ಮನೆಯ ಹಿರಿಯರ ಬಾಯಿಂದಲೇ ಕೇಳಿ ಬರೆದು ತರಲಿ. ತಂದೆತಾಯಿಗಳು ಆ ಹತ್ತು ನಿಮಿಷವಾದರೂ ಮಕ್ಕಳೊಡನೆ ಕನ್ನಡದಲ್ಲೇ ಮಾತನಾಡಬೇಕಾಗುತ್ತದೆ.

ಆ ಹುಡುಗಿಗೆ ಅರ್ಧ ಅಂಕ ಕೊಡಿಸಿದ್ದೇನೆ. ವಿಭಕ್ತಿ ಸರಿಯಾಗಿತ್ತು.