ಹೇಳಿದವರು ಯಾರು?



ತೋಟದ ಬಾಳಿನಲ್ಲಿ ಸುದ್ದಿಯೆಂಬುದು ಕಾಲ ಕಳೆಯುವ ವಸ್ತುವಲ್ಲ. ಕೂಲಿ, ಬೋನಸ್, ಪ್ರಾವಿಡೆಂಟ್ ಫಂಡ್, ಮಳೆ, ಇವುಗಳ ಸುದ್ದಿ ತಪ್ಪಾದರೆ ಪೆಟ್ಟು ಬೀಳುವುದು ನಮ್ಮ ಒಲೆಗೆ. ಹಿಂದೆ ಚಹಾದಂಗಡಿಗೆ ಬರುತ್ತಿದ್ದ ಒಂದೇ ಪತ್ರಿಕೆಯನ್ನು ಓದುಬಲ್ಲವರೊಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಹತ್ತು ಜನ ಕೇಳುತ್ತಿದ್ದರು. ಈಗ ಸುದ್ದಿ ಲೈನುಮನೆಯೊಳಗೇ ಮೊಬೈಲಿನಲ್ಲಿ ಬರುತ್ತದೆ. ಇವೆರಡರಲ್ಲಿ ಯಾವುದನ್ನು ನಂಬೋಣ?

2020ರಲ್ಲಿ ವಾಟ್ಸಾಪಿನಲ್ಲಿ ಒಂದು ಸಂದೇಶ ಹರಡಿತು. 1990ರಿಂದ 2020ರವರೆಗೆ ದುಡಿದ ಕಾರ್ಮಿಕರಿಗೆ ಕೇಂದ್ರ ಕಾರ್ಮಿಕ ಸಚಿವಾಲಯ 1,20,000 ರೂಪಾಯಿ ಕೊಡುತ್ತದೆಂದು ಅದರಲ್ಲಿತ್ತು. ಅದು ಸುಳ್ಳೆಂದು ಸರ್ಕಾರದ ಪ್ರೆಸ್ ಇನ್ಫರ್ಮೇಷನ್ ಬ್ಯೂರೋ ಸಾರಬೇಕಾಯಿತು. ಬಡವನ ಆಸೆಯನ್ನು ಹೀಗೆ ಕೆಣಕಿ, ಆಮೇಲೆ ಬ್ಯಾಂಕಿನ ನಂಬರು ಕೇಳುವ ಕಳ್ಳರೂ ಇದ್ದಾರೆ.

ಹಣ ಹೋದರೆ ಮತ್ತೆ ದುಡಿಯಬಹುದು, ಜೀವ ಹೋದರೆ? 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನರು ಹೊಡೆದು ಕೊಂದರು. ಆ ಗೆಳೆಯರ ಗುಂಪು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿತ್ತು, ಅಷ್ಟೇ. ಅವರ ಕಾರಿಗಿಂತ ಮೊದಲೇ ಫೋನಿನ ಸುಳ್ಳು ಮುಂದಿನ ಊರು ಮುಟ್ಟಿತ್ತು. ಊರು ಬಿಟ್ಟು ದುಡಿಯಲು ಬಂದ ನಾವೂ ಎಲ್ಲೋ ಒಂದು ಕಡೆ ಹೊರಗಿನವರೇ ಎಂಬುದನ್ನು ಮರೆಯಬಾರದು.

ಪತ್ರಿಕೆಯ ಒಂದು ಪುಟದ ಅಡಿಯಲ್ಲಿ ಸಣ್ಣಕ್ಷರದ ಸಾಲೊಂದಿದೆ, ನೋಡಿ. ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಅಚ್ಚಾದದ್ದು ಎಲ್ಲಿ ಎಂದು ಅಲ್ಲಿರುತ್ತದೆ. 1867ರ ಕಾನೂನು ಕಡ್ಡಾಯ ಮಾಡಿದ ಆ ಸಾಲು 2023ರಲ್ಲಿ ಹೊಸ ಕಾನೂನು ಬಂದ ಮೇಲೂ ಉಳಿದಿದೆ. ತಪ್ಪು ಬರೆದರೆ ಕಾಗದ ಬರೆದು ಕೇಳಬಹುದು, ಪ್ರೆಸ್ ಕೌನ್ಸಿಲಿಗೆ ದೂರು ಕೊಡಬಹುದು. ಕೌನ್ಸಿಲು ದಂಡ ಹಾಕಲಾರದು, ಛೀಮಾರಿ ಹಾಕಬಲ್ಲದು. ಕೈಯಿಂದ ಕೈಗೆ ಬಂದ ಸಂದೇಶಕ್ಕೆ ತಂದೆಯೂ ಇಲ್ಲ, ಮನೆಯೂ ಇಲ್ಲ.

ಹಾಗೆಂದು ಅಚ್ಚಾದದ್ದೆಲ್ಲ ಸತ್ಯವೂ ಅಲ್ಲ. 2009ರ ಚುನಾವಣೆಯಲ್ಲಿ ಕೆಲವು ಪತ್ರಿಕೆಗಳು ಹಣ ಪಡೆದು ಪ್ರಚಾರವನ್ನೇ ಸುದ್ದಿಯೆಂದು ಅಚ್ಚು ಹಾಕಿದವೆಂದು 2010ರಲ್ಲಿ ಪ್ರೆಸ್ ಕೌನ್ಸಿಲೇ ವರದಿ ಕೊಟ್ಟಿತು. ನಮ್ಮ ಲೈನುಗಳ ಸೋರುವ ಸೂರು, ಮುರಿದ ಕಕ್ಕಸು ಎಷ್ಟು ಸಲ ಪತ್ರಿಕೆಯಲ್ಲಿ ಬಂದಿವೆ? ಸಾವು ಬಂದಾಗ ಮಾತ್ರ ನಮ್ಮ ಹೆಸರು ಬರುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜರಿದಾಗ, ಕತ್ತಲಲ್ಲಿ ಸಿಕ್ಕಿಬಿದ್ದವರ ಕೂಗನ್ನು ಹೊರಗೆ ಮುಟ್ಟಿಸಿದ್ದು ಫೋನು. ಪತ್ರಿಕೆಯಿಂದ ಆ ಕೆಲಸ ಆಗುತ್ತಿರಲಿಲ್ಲ.

ಆದ್ದರಿಂದ ಅಪಾಯ ಕಂಡಾಗ ಫೋನು ಮಾಡಿರಿ, ತಡಮಾಡಬೇಡಿರಿ. ಆದರೆ ಬಂದ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು, ಇದನ್ನು ಹೇಳಿದವರು ಯಾರು ಎಂದು ಕೇಳಿರಿ. ಉತ್ತರ ಸಿಗದಿದ್ದರೆ ಅದು ನಿಮ್ಮಲ್ಲಿಯೇ ನಿಲ್ಲಲಿ. ಕೂಲಿ, ಫಂಡುಗಳ ವಿಷಯವಾದರೆ ಯೂನಿಯನ್ನಿನವರನ್ನೋ ಫಂಡು ಆಫೀಸನ್ನೋ ವಿಚಾರಿಸಿರಿ. ಲೈನಿಗೊಂದು ಪತ್ರಿಕೆಯನ್ನು ಕೂಡಿ ತರಿಸಿ, ಸಂಜೆ ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಹತ್ತು ಜನರ ನಡುವೆ ಓದಿದಾಗ ಸುಳ್ಳನ್ನು ಹಿಡಿಯುವವರು ಒಬ್ಬರಾದರೂ ಇರುತ್ತಾರೆ.